ಬರ್ಟ್ರಾಂಡನ ಮೂರು ಪೆಟ್ಟಿಗೆಗಳು ಮತ್ತು ವೃಕ್ಷಚಿತ್ರ

ಸಭಿಕರಿಗೆ ನಮಸ್ಕಾರ. ಷರತ್ತುಬದ್ಧ ಸಂಭವನೀಯತೆಯ, ಅಂದರೆ ಒಂದು ಸಂಗತಿ ನಡೆದಿದೆಯೆಂದು ಗೊತ್ತಿದ್ದಾಗ ಇನ್ನೊಂದರ ಸಂಭವನೀಯತೆಯ, ಸೂತ್ರವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದವರು ಇಲ್ಲಿ ಅನೇಕರಿರಬಹುದು. ಆದರೆ ಲೆಕ್ಕವನ್ನು ಮಾತಿನಲ್ಲಿ ಕೊಟ್ಟರೆ, ಯಾವುದನ್ನು ಯಾವುದರಿಂದ ಭಾಗಿಸಬೇಕೆಂದು ತೋಚದೆ ಕೈ ತಡೆಯುತ್ತದೆ. ಸಾಧ್ಯತೆಗಳನ್ನು ಮರದ ಕೊಂಬೆಗಳಂತೆ ಬಿಡಿಸಿ ಬರೆಯುವ ವೃಕ್ಷಚಿತ್ರ ನೆರವಿಗೆ ಬರುವುದು ಅಲ್ಲಿಯೇ. ಒಂದೇ ಲೆಕ್ಕವನ್ನು ಹಿಡಿದು ಅದನ್ನು ತೋರಿಸುತ್ತೇನೆ.

ಫ್ರೆಂಚ್ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 1889ರ ತನ್ನ ಗ್ರಂಥದಲ್ಲಿ ಚರ್ಚಿಸಿದ ಸಮಸ್ಯೆಯನ್ನು ಈಗ ಸಾಮಾನ್ಯವಾಗಿ ಹೀಗೆ ಕೇಳುತ್ತಾರೆ. ನೋಡಲು ಒಂದೇ ತೆರನಾದ ಮೂರು ಪೆಟ್ಟಿಗೆಗಳಿವೆ. ಪ್ರತಿಯೊಂದರಲ್ಲೂ ಎರಡು ಖಾನೆ, ಖಾನೆಗೊಂದು ನಾಣ್ಯ. ಮೊದಲನೆಯದರಲ್ಲಿ ಎರಡೂ ಚಿನ್ನ, ಎರಡನೆಯದರಲ್ಲಿ ಎರಡೂ ಬೆಳ್ಳಿ, ಮೂರನೆಯದರಲ್ಲಿ ಒಂದು ಚಿನ್ನ, ಒಂದು ಬೆಳ್ಳಿ. ಕಣ್ಣು ಮುಚ್ಚಿ ಒಂದು ಪೆಟ್ಟಿಗೆಯನ್ನು ಆರಿಸಿ, ಅದರ ಒಂದು ಖಾನೆಯನ್ನು ತೆರೆದಾಗ ಚಿನ್ನ ಕಂಡಿತು. ಇನ್ನೊಂದು ಖಾನೆಯಲ್ಲೂ ಚಿನ್ನವೇ ಇರುವ ಸಂಭವನೀಯತೆ ಎಷ್ಟು? ಬೆಳ್ಳಿಯ ಪೆಟ್ಟಿಗೆ ಬಿಟ್ಟುಹೋಯಿತು, ಉಳಿದದ್ದು ಎರಡು, ಆದ್ದರಿಂದ 1/2 ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ತಪ್ಪು.

ಮರವನ್ನು ಬರೆಯೋಣ. ನಮ್ಮ ಮರ ಮಲಗಿರುತ್ತದೆ, ಬೇರು ಎಡಕ್ಕೆ. ಬೇರಿನಿಂದ ಮೂರು ಕೊಂಬೆ, ಪ್ರತಿಯೊಂದರ ಮೇಲೆ 1/3. ಪ್ರತಿ ಕೊಂಬೆಯಿಂದ ಖಾನೆಗೊಂದರಂತೆ ಎರಡು ಕವಲು, ಪ್ರತಿಯೊಂದರ ಮೇಲೆ 1/2. ದಾರಿಯುದ್ದಕ್ಕೂ ಗುಣಿಸಿದರೆ ಆರು ತುದಿಗಳಿಗೂ 1/6 ಬರುತ್ತದೆ. ಚಿನ್ನ ಕಂಡಿದೆಯೆಂಬ ಷರತ್ತಿನಿಂದ ಬೆಳ್ಳಿಯ ಮೂರು ತುದಿಗಳನ್ನು ಹೊಡೆದುಹಾಕಿ. ಆದರೆ ಅಳಿಸಬೇಡಿ, ಅಡ್ಡಗೆರೆ ಎಳೆದರೆ ಸಾಕು, ಏಕೆಂದರೆ ಏನು ಹೋಯಿತೆಂಬುದು ಕಣ್ಣೆದುರಿಗೇ ಇರಬೇಕು. ಉಳಿದ ಮೂರು ತುದಿಗಳ ಮೊತ್ತ 3/6. ಅವುಗಳಲ್ಲಿ ಎರಡು ಮೊದಲನೆಯ ಪೆಟ್ಟಿಗೆಯವು, ಅಂದರೆ 2/6. ಭಾಗಿಸಿದರೆ 2/3. ಎಣಿಸಬೇಕಾದದ್ದು ಉಳಿದ ತುದಿಗಳನ್ನು, ಪೆಟ್ಟಿಗೆಗಳನ್ನಲ್ಲ.

ಎರಡನೆಯ ಹಂತದ ಕವಲುಗಳ ಮೇಲಿನ 1/2 ತಾನೇ ಒಂದು ಷರತ್ತುಬದ್ಧ ಸಂಭವನೀಯತೆ: ಪೆಟ್ಟಿಗೆ ಗೊತ್ತಿದ್ದಾಗ ಖಾನೆಯ ಮಾತು ಅದು. ನಮ್ಮನ್ನು ಕೇಳಿದ್ದಾದರೋ ತಿರುವುಮುರುವು, ಖಾನೆಯನ್ನು ನೋಡಿ ಪೆಟ್ಟಿಗೆಯನ್ನು ಹೇಳಬೇಕು. ಹೀಗೆ ತುದಿಯಿಂದ ಬೇರಿನ ಕಡೆಗೆ ಓದುವ ಕ್ರಮಕ್ಕೆ ಇಂಗ್ಲೆಂಡಿನ ಪಾದ್ರಿ, ಗಣಿತಜ್ಞ ಥಾಮಸ್ ಬೇಯ್ಸ್‌ನ ಹೆಸರು ಅಂಟಿಕೊಂಡಿದೆ. ಅವನ ಪ್ರಬಂಧವನ್ನು ರಾಯಲ್ ಸೊಸೈಟಿಯಲ್ಲಿ ಓದಿದ್ದು ಅವನು ತೀರಿಕೊಂಡ ಮೇಲೆ, 1763ರಲ್ಲಿ.

ನನಗೆ ಹೆಚ್ಚು ಇಷ್ಟವಾದ ಭಾಗ ಇನ್ನು ಮುಂದಿದೆ. ಖಾನೆಯನ್ನು ನಾವು ತೆರೆಯಲಿಲ್ಲ, ಒಳಗೇನಿದೆಯೆಂದು ಬಲ್ಲ ಗೆಳೆಯನೊಬ್ಬ, ಚಿನ್ನವಿದ್ದರೆ ಚಿನ್ನವನ್ನೇ ತೋರಿಸುವೆನೆಂದು ಮೊದಲೇ ಹೇಳಿ ತೆರೆದ ಎಂದುಕೊಳ್ಳಿ. ಆಗ ಮೂರನೆಯ ಪೆಟ್ಟಿಗೆಯಲ್ಲಿ ಚಿನ್ನದ ಕವಲಿನ ಮೇಲೆ 1/2 ಬದಲು 1 ಬರುತ್ತದೆ. ಚಿನ್ನ ಕಾಣುವ ಒಟ್ಟು ಸಂಭವನೀಯತೆ 1/3 ಮತ್ತು 1/3 ಸೇರಿ 2/3. ಅದರಲ್ಲಿ ಮೊದಲನೆಯ ಪೆಟ್ಟಿಗೆಯ ಪಾಲು 1/3. ಈಗ ಉತ್ತರ ನಿಜವಾಗಿಯೂ 1/2. ಕಣ್ಣಿಗೆ ಬಿದ್ದದ್ದು ಅದೇ ಚಿನ್ನದ ನಾಣ್ಯ. ಅದನ್ನು ತೋರಿಸಿದ ಬಗೆ ಬೇರೆ. ಖಾನೆಯನ್ನು ಯಾರು, ಹೇಗೆ ತೆರೆದರೆಂದು ಪ್ರಶ್ನೆಯಲ್ಲಿ ಹೇಳದೆ ಬಿಟ್ಟರೆ, ಆ ಕವಲಿನ ಮೇಲೆ ಬರೆಯಲು ನಮ್ಮ ಬಳಿ ಅಂಕಿಯೇ ಇರುವುದಿಲ್ಲ.