ಸುತ್ತು ದಾರಿ, ಬೇಗ ಊರು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಯಾವ ಬೀದಿಗೆ ಹೋದರೂ ಯಾರದೋ ಮಗನೋ ಮಗಳೋ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದ್ದೇ ಇರುತ್ತಾರೆ. ಅಲ್ಲಿಗೆ ಹೊರಟು ನಿಂತವರನ್ನು ಎಲ್ಲರೂ ಕೇಳುವುದು ಇಷ್ಟೇ: ‘ಎಷ್ಟು ದೂರಾರೀ? ಎಷ್ಟು ಗಂಟೆ ಆಗುತ್ತೆ?’ ಒಂದೇ ಉಸಿರಿಗೆ ಕೇಳಿದರೂ ಇವು ಬೇರೆ ಬೇರೆ ಲೆಕ್ಕ.

ಮೊದಲು ದೂರ ನೋಡೋಣ. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಇದು ಗೋಡೆ ಮೇಲಿನ ಭೂಪಟಕ್ಕೆ ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲ. ಮನೆಯಲ್ಲಿ ಮೋಸಂಬಿ ಇದ್ದರೆ ಕೈಗೆ ತೆಗೆದುಕೊಳ್ಳಿ. ತೊಟ್ಟು ಮೇಲಿರಲಿ, ಅದು ಉತ್ತರ ಧ್ರುವ. ಹಣ್ಣಿನ ನಡುವಿಗಿಂತ ಚೂರು ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡಿ, ಅದು ಬೆಂಗಳೂರು. ಹಣ್ಣು ತಿರುಗಿಸಿ. ಹೆಚ್ಚುಕಡಿಮೆ ಹಿಂಬದಿಯಲ್ಲಿ, ಇನ್ನಷ್ಟು ಮೇಲೆ, ಮತ್ತೊಂದು ಚುಕ್ಕೆ. ಎರಡಕ್ಕೂ ಹೊಲಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ನಡುವಿನಲ್ಲಿ ನಿಲ್ಲುವುದೇ ಇಲ್ಲ, ಜಾರಿಕೊಂಡು ತೊಟ್ಟಿನ ಕಡೆಗೆ ಹತ್ತುತ್ತದೆ. ಅಮೆರಿಕಕ್ಕೆ ಹೋಗುವ ವಿಮಾನ ಹಿಮದ ನಾಡಿನ ಮೇಲೆ ಹಾಯುವುದು ಇದಕ್ಕೇ.

ಇನ್ನು ಹೊತ್ತು. ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್, ಭಾಗಿಸಿದರೆ ಮುಗೀತು ಅಲ್ವಾ? ಮುಗಿಯಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ. ಹರಿಗೋಲು ಹಾಕುವವರಿಗೆ ಗೊತ್ತು, ಸೆಳವಿನ ಜೊತೆ ಹೋಗುವುದೇ ಬೇರೆ, ಎದುರು ಹೋಗುವುದೇ ಬೇರೆ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಮೇಲೆ, ಅಂದರೆ ಗಾಳಿಯ ಜೊತೆಗೇ ಪೂರ್ವಕ್ಕೆ ಕಳಿಸಿತು. ದಾರಿ 13,900ರಿಂದ 15,300 ಕಿಲೋಮೀಟರಿಗೆ ಏರಿತು. ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಮೊದಲಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಉಳಿತಾಯ! ದೂರ ಜಾಸ್ತಿ, ಹೊತ್ತು ಕಡಿಮೆ. ಈ ಲೆಕ್ಕ ನನಗಂತೂ ಬಹಳ ಇಷ್ಟ.

ಬೆಂಗಳೂರಿಗೆ ನೇರ ವಿಮಾನ ಬಂದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವ, ಕಾಕ್‌ಪಿಟ್‌ನಲ್ಲಿ ಬರೀ ಹೆಣ್ಣುಮಕ್ಕಳು, ದಾರಿ ಉತ್ತರ ಧ್ರುವದ ಮೇಲೆ. ಅಲ್ಲಿ ಸಾಮಾನ್ಯ ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ರೆಕ್ಕೆಯೊಳಗಿನ ಇಂಧನ ಎಷ್ಟು ತಣ್ಣಗಾಯಿತು ಅಂತ ಆಗಾಗ ನೋಡುತ್ತಿರಬೇಕು, ತೀರಾ ತಣ್ಣಗಾದರೆ ಅದು ಹೆಪ್ಪುಗಟ್ಟಬಹುದು. ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಮಾನ ಕೆಂಪೇಗೌಡ ನಿಲ್ದಾಣಕ್ಕೆ ಇಳಿದದ್ದು ಸೋಮವಾರ ಬೆಳಗಿನ ಜಾವ. ಹಾರಿದ್ದು 17 ಗಂಟೆ ಚಿಲ್ಲರೆ. ಹಾಗಾದರೆ ಭಾನುವಾರ ಎಲ್ಲಿ ಹೋಯಿತು? ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಬರುವಾಗ ಅಷ್ಟೂ ಹೊತ್ತು ಕೈಬಿಡುತ್ತದೆ.

ಹೋಗುವಾಗ ಅದೇ ಹೊತ್ತು ವಾಪಸ್ ಸಿಗುತ್ತದೆ. ನೇರ ವಿಮಾನವಾದರೆ, ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಬೆಂಗಳೂರು ಬಿಟ್ಟ ಅಮ್ಮ ಸೋಮವಾರ ಸಂಜೆಗೇ ಅಲ್ಲಿ ಇಳಿಯುತ್ತಾರೆ. ‘ಬಂದು ಸೇರಿದೆ ಕಣ್ರೀ’ ಅಂತ ಮನೆಗೆ ಫೋನ್ ಮಾಡುವಷ್ಟರಲ್ಲಿ, ಇಲ್ಲಿ ಮಂಗಳವಾರದ ಹಾಲು ಬಾಗಿಲಿಗೆ ಬಂದಿರುತ್ತದೆ.