ಎಲ್ಲ ಜೀವಕೋಶಗಳಲ್ಲೂ ಇರುವ ನಾಲ್ಕು

ಕೇಳುಗರೇ, ನಮಸ್ಕಾರ.

ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಮುಗಿಲೆತ್ತರದ ಮರ, ಈ ಮಾತು ಕೇಳುತ್ತಿರುವ ನೀವು. ಹೊರಗಿನಿಂದ ನೋಡಿದರೆ ಒಂದಕ್ಕೊಂದು ನಂಟೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಜೀವಕೋಶದ ಒಳಹೊಕ್ಕರೆ ನಾಲ್ಕು ಸಂಗತಿಗಳು ಎಲ್ಲ ಕಡೆಯೂ ಸಿಗುತ್ತವೆ. ಸುತ್ತಲೂ ಒಂದು ಪೊರೆ, ಒಳಗೆ ಸೈಟೋಪ್ಲಾಸಂ ಎಂಬ ದ್ರವ, ಕೋಶಕ್ಕೆ ಬೇಕಾದ ಮಾಹಿತಿ ಹೊತ್ತ ಡಿಎನ್‌ಎ, ಮತ್ತೆ ಪ್ರೋಟೀನ್ ತಯಾರಿಸುವ ರೈಬೋಸೋಮ್. ಡಿಎನ್‌ಎಯನ್ನು ಒಳಗಿಟ್ಟುಕೊಳ್ಳುವ ನ್ಯೂಕ್ಲಿಯಸ್ ಈ ಗುಂಪಿಗೆ ಸೇರುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಅದು ಇಲ್ಲವೇ ಇಲ್ಲ. ಅವುಗಳ ಡಿಎನ್‌ಎ ದ್ರವದಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ.

ಪೊರೆಯ ದಪ್ಪ ಬರೀ 5ರಿಂದ 10 ನ್ಯಾನೊಮೀಟರ್. ಒಂದು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಒಂದು ಮಿಲಿಮೀಟರ್ ಆಗುವುದು ಕಷ್ಟ! ಹೆಚ್ಚಿನ ಪೊರೆಗಳಲ್ಲಿ ಕೊಬ್ಬಿನ ಕಣಗಳು ಎರಡು ಪದರವಾಗಿ ನಿಂತಿರುತ್ತವೆ. ಅವುಗಳ ಬಾಲಕ್ಕೆ ನೀರೆಂದರೆ ಆಗದು, ತಲೆಗೆ ನೀರೇ ಬೇಕು. ಹಾಗಾಗಿ ಬಾಲಗಳು ನಡುವೆ ಅಡಗುತ್ತವೆ, ತಲೆಗಳು ಹೊರಮುಖವಾಗುತ್ತವೆ. ನೀರಿನಲ್ಲಿ ಈ ಸಾಲು ತಾನಾಗಿಯೇ ಕಟ್ಟಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ರೈಬೋಸೋಮ್. ಡಿಎನ್‌ಎಯ ಒಂದು ತುಣುಕು ಆರ್‌ಎನ್‌ಎಯಾಗಿ ನಕಲಾಗಿ ಇದರ ಬಳಿ ಬರುತ್ತದೆ. ರೈಬೋಸೋಮ್ ಆ ನಕಲನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಪ್ರತಿ ಮೂರಕ್ಕೂ ಒಂದು ಅಮೈನೋ ಆಮ್ಲವನ್ನು ಸರಕ್ಕೆ ಪೋಣಿಸುತ್ತದೆ. ಆ ಸರವೇ ಪ್ರೋಟೀನ್. ಬ್ಯಾಕ್ಟೀರಿಯಾದಲ್ಲಿ ಒಂದು ಸೆಕೆಂಡಿಗೆ ಸುಮಾರು 15ರಿಂದ 20 ಅಮೈನೋ ಆಮ್ಲಗಳು ಸೇರಿಬಿಡುತ್ತವೆ. ಇದರ ರಚನೆಯನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅಡಾ ಯೋನಾಥ್ ಅವರಿಗೆ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಪೋಣಿಸುವ ಕೆಲಸ ನಡೆಯುವ ಆ ತಿರುಳು ಬ್ಯಾಕ್ಟೀರಿಯಾದಲ್ಲೂ ನಮ್ಮಲ್ಲೂ ಹೆಚ್ಚುಕಮ್ಮಿ ಒಂದೇ. ನಾವೆಲ್ಲ ಒಂದೇ ಮೂಲದವರು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಆದರೂ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಆ ವ್ಯತ್ಯಾಸ ನಮ್ಮ ಜೀವ ಉಳಿಸುತ್ತದೆ. ಟೆಟ್ರಾಸೈಕ್ಲಿನ್, ಎರಿಥ್ರೋಮೈಸಿನ್‌ನಂಥ ಔಷಧಗಳು ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿ ಅದರ ಕೆಲಸ ನಿಲ್ಲಿಸುತ್ತವೆ. ಕಾಯಿಲೆ ಬಿದ್ದವರ ಕೋಶಗಳ ಕೆಲಸ ಮುಂದುವರಿಯುತ್ತದೆ.

ಒಂದು ಅಪವಾದ ಹೇಳಲೇಬೇಕು. ನಮ್ಮ ಕೆಂಪು ರಕ್ತಕಣ ಬಲಿಯುವಾಗ ನ್ಯೂಕ್ಲಿಯಸ್ಸನ್ನು ಹೊರಹಾಕುತ್ತದೆ, ಆಮೇಲೆ ರೈಬೋಸೋಮ್‌ಗಳನ್ನೂ ಕಳೆದುಕೊಳ್ಳುತ್ತದೆ. ಅಲ್ಲಿಗೆ ಹೊಸ ಪ್ರೋಟೀನ್ ತಯಾರಿಕೆ ನಿಂತಂತೆ. ಸವೆದದ್ದನ್ನು ಬದಲಿಸಿಕೊಳ್ಳಲಾಗದೆ ಅದು ಸುಮಾರು 120 ದಿನ ಬಾಳುತ್ತದೆ, ಅಷ್ಟೆ. ಅದರ ಜಾಗ ತುಂಬಲು ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ಹುಟ್ಟಿಸುತ್ತದೆ. ಈ ಕಣಗಳನ್ನು ಹುಟ್ಟಿಸುವ ಮಜ್ಜೆಯ ಕೋಶಗಳಲ್ಲಾದರೆ ನಾಲ್ಕೂ ಇವೆ.

ನಮಸ್ಕಾರ.