ಚಹಾಕೂಟದ ಮೇಜನ್ನು ಕುಳಿತು ಅಲಂಕರಿಸಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾಳೆಯೋ ನಾಡಿದ್ದೋ ಚಹಾಕ್ಕೆಂದು ಕೆಲವರನ್ನು ಮನೆಗೆ ಕರೆದು, ಬರಿದಾದ ಮೇಜಿನ ಮುಂದೆ ನಿಂತು, ಎಲ್ಲಿಂದ ಆರಂಭಿಸಬೇಕೆಂದು ಯೋಚಿಸುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಹೇಳುತ್ತಿದ್ದೇನೆ. ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ, ಒಂದನ್ನು ಮಾತ್ರ ಮರೆಯಬೇಡಿ: ಚಹಾಕೂಟದ ಮೇಜನ್ನು ಕುಳಿತು ನೋಡಿ ಅಲಂಕರಿಸಬೇಕು, ನಿಂತು ನೋಡಿ ಅಲ್ಲ.

ಅಲಂಕರಿಸುವವರು ನಿಂತಿರುತ್ತಾರೆ, ಬಂದವರು ಕುಳಿತಿರುತ್ತಾರೆ. ತೊಡಕೆಲ್ಲ ಹುಟ್ಟುವುದು ಇಲ್ಲಿಯೇ. ಸಾಮಾನ್ಯವಾಗಿ ಊಟದ ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್, ಕುರ್ಚಿಯ ಆಸನದ ಎತ್ತರ ಸುಮಾರು 45 ಸೆಂಟಿಮೀಟರ್. ಹೀಗೆ ಕುಳಿತವರ ಕಣ್ಣುಗಳು ಮೇಜಿನಿಂದ ಸುಮಾರು ಒಂದು ಮೊಳ ಮೇಲಿರುತ್ತವೆ. ನಿಂತಾಗ ಅಷ್ಟೊಂದು ಸೊಗಸಾಗಿ ಕಂಡ ಎತ್ತರದ ಹೂದಾನಿ ಕುಳಿತವರ ಪಾಲಿಗೆ ಅಡ್ಡಗೋಡೆಯಾಗುತ್ತದೆ. ಅಳತೆಪಟ್ಟಿಯೇನೂ ಬೇಡ. ಕುರ್ಚಿಯಲ್ಲಿ ಕುಳಿತು, ಮೊಣಕೈಯನ್ನು ಮೇಜಿನ ಮೇಲೆ ಊರಿ, ಮುಂಗೈಯನ್ನು ನೇರವಾಗಿ ಮೇಲೆತ್ತಿರಿ. ನಡುವೆ ಇಡುವ ಯಾವ ಹೂವೂ ನಿಮ್ಮ ಮಣಿಕಟ್ಟನ್ನು ದಾಟಿ ಮೇಲೆ ಹೋಗಬಾರದು.

ಇದನ್ನು ನನಗೆ ಮನಗಾಣಿಸಿದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ನಿವೃತ್ತರಾದ ಹಿರಿಯರೊಬ್ಬರ ಗೌರವಾರ್ಥ ಏರ್ಪಡಿಸಿದ್ದ ಚಹಾಕೂಟ ಅದು. ಮನೆಯೊಡತಿ ಬಹಳ ಪ್ರೀತಿಯಿಂದ, ಬೆಳಗಿನಿಂದಲೂ ದುಡಿದು, ಉದ್ದನೆಯ ಗಾಜಿನ ಹೂದಾನಿಯಲ್ಲಿ ಎಲೆಗಳಿರುವ ಕೊಂಬೆಗಳನ್ನೂ ಬಿಳಿಯ ಲಿಲ್ಲಿ ಹೂಗಳನ್ನೂ ಜೋಡಿಸಿ ಮೇಜಿನ ನಟ್ಟನಡುವೆ ಇಟ್ಟಿದ್ದರು. ಒಳಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಹೊಗಳಿದರು. ಕುಳಿತ ಮೇಲೆ ಮಾತೇ ಸಾಗಲಿಲ್ಲ. ಹಿರಿಯರ ಎದುರಿಗೆ ಅವರ ಹಳೆಯ ಸಹೋದ್ಯೋಗಿ ಕುಳಿತಿದ್ದರು. ಒಬ್ಬರು ಬಲಕ್ಕೆ ಬಾಗಿದಾಗ ಇನ್ನೊಬ್ಬರು ಎಡಕ್ಕೆ ಬಾಗುವರು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಎದುರಿನವರೊಡನೆ ಮಾತನಾಡಲಾಗದೆ ಎಲ್ಲರೂ ಪಕ್ಕದವರೊಡನೆಯೇ ತಗ್ಗಿದ ದನಿಯಲ್ಲಿ ಎರಡು ಮಾತನಾಡಿ ಸುಮ್ಮನಾಗುತ್ತಿದ್ದರು. ಲಿಲ್ಲಿಯ ಕಡುಕಂಪಿನಲ್ಲಿ ಚಹಾದ ಪರಿಮಳವೇ ತಿಳಿಯುತ್ತಿರಲಿಲ್ಲ. ಕಡೆಗೆ ಆ ಹಿರಿಯರೇ ಎದ್ದು, ಮನೆಯೊಡತಿಯ ಅನುಮತಿ ಕೇಳಿ, ಹೂದಾನಿಯನ್ನು ಎರಡೂ ಕೈಗಳಿಂದ ಎತ್ತಿ ಗೋಡೆಯ ಬದಿಯ ಕಪಾಟಿನ ಮೇಲಿಟ್ಟರು. ಮರುಕ್ಷಣವೇ ಈ ತುದಿಯವರು ಆ ತುದಿಯವರನ್ನು ಹೆಸರು ಹಿಡಿದು ಕರೆದರು. ಮುಂದೆ ಕತ್ತಲಾಗುವವರೆಗೆ ಯಾರೂ ಏಳಲಿಲ್ಲ. ಮನೆಯೊಡತಿ ಒಮ್ಮೆ ಆ ಕುರ್ಚಿಯಲ್ಲಿ ಕುಳಿತು ನೋಡಿದ್ದರೆ ಸಾಕಿತ್ತು!

ಪರಿಮಳದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಚಹಾದ ಸವಿಯನ್ನು ನಾವು ಬಹುಮಟ್ಟಿಗೆ ಮೂಗಿನಿಂದಲೇ ಅರಿಯುತ್ತೇವೆ. ಆದ್ದರಿಂದ ಲಿಲ್ಲಿ, ಸುಗಂಧರಾಜ, ಮಲ್ಲಿಗೆಗಳನ್ನು ಕೋಣೆಯ ಬೇರೆಡೆ ಇಡಿ; ಮೇಜಿಗೆ ಸೇವಂತಿಗೆಯಂತಹ ಮೃದುಗಂಧದ ಹೂವು ಸಾಕು. ಲಿಲ್ಲಿಯನ್ನು ಇಡಲೇಬೇಕೆಂದಿದ್ದರೆ ಅರಳಿದ ಕೂಡಲೇ ಅದರ ಪರಾಗಕೋಶಗಳನ್ನು ಚಿವುಟಿ ತೆಗೆಯಿರಿ, ಏಕೆಂದರೆ ಆ ಪುಡಿಯ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗದು. ಕಣಗಿಲೆಯನ್ನಂತೂ ತಿನಿಸಿನ ಹತ್ತಿರ ತರಲೇಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಹೂಗಳನ್ನು ಹಿಂದಿನ ಸಂಜೆಯೇ ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತು, ತಂಪಾದ ಜಾಗದಲ್ಲಿ ನೀರು ಕುಡಿಯಲು ಬಿಟ್ಟರೆ ಮರುದಿನ ಬಾಡುವುದಿಲ್ಲ. ಇನ್ನು, ಮಿನುಗುವ ಕಾಗದದ ಚೂರುಗಳನ್ನು ಮೇಜಿನ ಮೇಲೆಲ್ಲ ಎರಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅವು ತಟ್ಟೆಗೂ ಅಂಟುತ್ತವೆ, ಕಪ್ಪಿನೊಳಗೂ ಬೀಳುತ್ತವೆ.

ಸಮಯ ಸ್ವಲ್ಪವೇ ಉಳಿದಿದೆ, ಉಳಿದುದನ್ನು ಬೇಗ ಹೇಳುತ್ತೇನೆ. ಮೇಜುಹಾಸಿನ ಕೆಳಗೆ ದಪ್ಪನೆಯ ಬಟ್ಟೆಯೊಂದನ್ನು ಹಾಸಿದರೆ ಪಿಂಗಾಣಿಯ ಸದ್ದು ಅಡಗುತ್ತದೆ, ಮರಕ್ಕೂ ಬಿಸಿ ತಾಗುವುದಿಲ್ಲ. ಹಾಸು ಅಂಚಿನಿಂದ 20ರಿಂದ 30 ಸೆಂಟಿಮೀಟರ್ ಇಳಿಬಿದ್ದರೆ ಸಾಕು. ಅದಕ್ಕಿಂತ ಉದ್ದವಾದರೆ, ಕುಳಿತು ನೋಡಿ, ಮೊಣಕಾಲಿಗೆ ತೊಡರುತ್ತದೆ. ಒಬ್ಬೊಬ್ಬರಿಗೂ 60 ಸೆಂಟಿಮೀಟರ್‌ನಷ್ಟು ಅಗಲ ಬಿಡಿ. ಕಪ್ಪಿನ ಹಿಡಿ ಕುಳಿತವರ ಬಲಗೈಗೆ ಸಿಗುವಂತಿರಲಿ, ಎಡಗೈಯವರಿದ್ದರೆ ಎಡಕ್ಕೆ ತಿರುಗಿಸಿ. ಟೀಪಾಟಿನ ಮೂತಿ ಯಾರ ಕಡೆಗೂ ಮುಖ ಮಾಡಿರಬಾರದು. ಹಗಲಿನ ಕೂಟಕ್ಕೆ ಮೇಣದಬತ್ತಿಯ ಅಗತ್ಯವಿಲ್ಲ, ಆ ಜಾಗವನ್ನು ಹಾಲಿನ ಪಾತ್ರೆಗೆ ಕೊಡಿ.

ಹಾಸಿನ ಮೇಲೆ ಚಹಾ ಚೆಲ್ಲಿದರೆ ಗಾಬರಿಯಾಗಬೇಡಿ, ಉಜ್ಜಲೂಬೇಡಿ. ಒಣಬಟ್ಟೆಯಿಂದ ಒತ್ತಿ ಹೀರಿಸಿ, ಅದರ ಮೇಲೊಂದು ಚಿಕ್ಕ ನ್ಯಾಪ್ಕಿನ್ ಹಾಸಿ ಮಾತು ಮುಂದುವರಿಸಿರಿ. ಎಲ್ಲರೂ ಹೋದ ಮೇಲೆ ತಣ್ಣೀರಿನಲ್ಲಿ ನೆನೆಸಿದರಾಯಿತು. ನಮಸ್ಕಾರ.